430 ತಲೆಮಾರಿನ ಬಿಲ್

ಮೊದಲು ಬ್ಯಾಗಿನ ವಿಷಯ ಮುಗಿಸಿಬಿಡೋಣ. ಎಷ್ಟು ದಿನದಿಂದ ಆ ಬ್ಯಾಗು ನನ್ನ ತಲೆಯಿಂದ ಇಳಿಯುತ್ತಿಲ್ಲ.

ದಕ್ಷಿಣ ಕೊರಿಯಾದಲ್ಲಿ ಆಗಿನ ಅಧ್ಯಕ್ಷರ ಹೆಂಡತಿ ಕಿಮ್ ಕಿಯೊನ್ ಹೀ ಅವರಿಗೆ ಅಲ್ಲಿನದೇ ಹೊಸ ಪಂಥ ಯೂನಿಫಿಕೇಶನ್ ಚರ್ಚಿನ ಕಡೆಯಿಂದ ಎರಡು ದುಬಾರಿ ಶನೆಲ್ ಬ್ಯಾಗು ಹೋದವು. ವಜ್ರದ ಹಾರವೂ ಹೋಗಿತ್ತು ಅಂತ ಸರ್ಕಾರಿ ವಕೀಲರು. ಮೇಡಂ ಬ್ಯಾಗು ಒಪ್ಪಿಕೊಂಡರು, ಹಾರ ಒಪ್ಪಲಿಲ್ಲ. ಅದಿರಲಿ, ಬ್ಯಾಗು ಹೋದ ದಾರಿ ನೋಡಿ. ಸಾಕ್ಷಾತ್ ಯೇಸುವೇ ಬಂದು ಕೆಲಸ ಒಪ್ಪಿಸಿದ ಅಂತ ಹೇಳಿಕೊಳ್ಳುವ ಚರ್ಚು, ಕಾಣಿಕೆ ತಲುಪಿಸೋಕೆ ಹಿಡಿದದ್ದು ಒಬ್ಬ ಮಂತ್ರವಾದಿಯನ್ನು! ದೇವರ ಜೊತೆ ನೇರ ಲೈನ್ ಇದ್ದವರಿಗೂ ಮೇಡಂ ಮನೆಗೆ ಏಜೆಂಟ್ ಬೇಕಾಯಿತು. ಆ ಮಹಾಶಯ ಮೊದಲು ಎಲ್ಲೋ ಕಳೆದುಹೋಯಿತು ಅಂದ. 2025ರ ಅಕ್ಟೋಬರ್‌ನಲ್ಲಿ ತಾನೇ ತಂದು ಒಪ್ಪಿಸಿದ. ಅಷ್ಟರಲ್ಲಿ ಎರಡು ಬ್ಯಾಗು ಅಂಗಡಿಗೆ ವಾಪಸ್ ಹೋಗಿ ಮೂರು ಬೇರೆ ಬ್ಯಾಗು ಮತ್ತು ಒಂದು ಜೊತೆ ಶೂ ಆಗಿದ್ದವು. ನೀರು ದ್ರಾಕ್ಷಾರಸ ಆಗಿದ್ದನ್ನು ಓದಿದ್ದೆವು. ಬ್ಯಾಗು ಮರಿ ಹಾಕಿದ್ದು ಇದೇ ಮೊದಲು.

ಅದಕ್ಕೆ ಒಂದು ತಿಂಗಳ ಹಿಂದೆ ಚರ್ಚಿನ ಒಡತಿ, 82 ವರ್ಷದ ಹಾಕ್ ಜಾ ಹಾನ್ ಅವರ ಬಂಧನವಾಗಿತ್ತು. ಲಂಚದ ಆರೋಪ. ಅವರು ಇಲ್ಲ ಅಂತಾರೆ, ನ್ಯಾಯಾಲಯ ನೋಡಿಕೊಳ್ಳುತ್ತೆ. ಭಕ್ತರಿಗೆ ಅವರು ‘ನಿಜ ತಾಯಿ’. ಗಂಡ ಹೋದಮೇಲೆ ದೇವರ ಏಕೈಕ ಪುತ್ರಿಯೂ ಆದರು.

ಗಂಡ ಅಂದರೆ ಸನ್ ಮ್ಯುಂಗ್ ಮೂನ್. ಇಂಗ್ಲಿಷ್ ಕಣ್ಣಲ್ಲಿ ಓದಿದರೆ ಹೆಸರಲ್ಲೇ ಸೂರ್ಯ ಚಂದ್ರ ಎರಡೂ. ನಮ್ಮ ಹಳೇ ಶಾಸನಗಳಲ್ಲಿ ದಾನ ಕೊಟ್ಟ ಹೊಲ ‘ಆಚಂದ್ರಾರ್ಕ’ ನಡೆಯಲಿ ಅಂತ ಕಲ್ಲಲ್ಲಿ ಕೆತ್ತುತ್ತಿದ್ದರಲ್ಲ, ಇವರಿಗೆ ಆ ಕೆತ್ತನೆ ಕೂಲಿಯೂ ಉಳಿಯಿತು. ಹದಿನೈದರ ಹುಡುಗನಿಗೆ ಈಸ್ಟರ್ ದಿನ ಬೆಟ್ಟದ ಮೇಲೆ ಯೇಸು ಕಾಣಿಸಿಕೊಂಡು, ತನ್ನ ಅರ್ಧಕ್ಕೆ ನಿಂತ ಕೆಲಸ ಮುಗಿಸು ಅಂದನಂತೆ. ನಿಂತ ಕೆಲಸ ಯಾವುದು? ಮದುವೆ! ಮದುವೆಯಾಗಿ ಪಾಪವಿಲ್ಲದ ಸಂಸಾರ ಕಟ್ಟುವುದರೊಳಗೆ ಶಿಲುಬೆಗೆ ಏರಿಸಿಬಿಟ್ಟರು ಅನ್ನೋದು ಮೂನ್ ಸಿದ್ಧಾಂತ. ಹಳೇ ಕಂಟ್ರ್ಯಾಕ್ಟರ್ ಬಿಟ್ಟುಹೋದ ರಸ್ತೆಗೆ ಹೊಸಬ ಬಂದು ಬೋರ್ಡು ನೆಡುತ್ತಾನಲ್ಲ, ಹಾಗೆ 1954ರಲ್ಲಿ ಸೋಲ್ ನಗರದಲ್ಲಿ ಬೋರ್ಡು ಬಿತ್ತು. ಒಂದು ಮದುವೆ ಮುರಿದ ಮೇಲೆ, 1960ರಲ್ಲಿ, ತಮ್ಮ ನಲವತ್ತನೇ ವಯಸ್ಸಿನಲ್ಲಿ ಮೂನ್ ಹದಿನೇಳರ ಹಾಕ್ ಜಾ ಹಾನ್ ಅವರನ್ನು ಮದುವೆಯಾದರು. ಲೋಕಕ್ಕೆ ‘ನಿಜ ತಂದೆತಾಯಿ’ ಸಿಕ್ಕಿದರು.

ಆಮೇಲೆ ಊರವರ ಮದುವೆ. ಮದುವೆ ಮಾಡಿ ನೋಡು ಅಂತಾರೆ ನಮ್ಮಲ್ಲಿ. ಇವರು 1982ರ ಜುಲೈನಲ್ಲಿ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಒಂದೇ ಏಟಿಗೆ 2,075 ಮಾಡಿ ನೋಡಿದರು. ಜಾತಕ ಇಲ್ಲ, ಗೋತ್ರ ಇಲ್ಲ, ಉಪ್ಪಿಟ್ಟು ಕೇಸರಿಬಾತೂ ಇಲ್ಲ. ಮೂನ್ ಸಾಹೇಬರು ನೀನು, ನೀನು ಅಂತ ಬೆರಳು ತೋರಿಸಿದರೆ ಆಯಿತು. ಎಷ್ಟೋ ಸಲ ಫೋಟೋ ಜೋಡಿಸಿಯೇ ಕೆಲಸ ಮುಗಿಯುತ್ತಿತ್ತು. ಮದುವೆಯಾದ ಮೇಲೆ ಇನ್ನೊಂದು ಶಾಸ್ತ್ರ. ಗಂಡ ಹೆಂಡತಿ ಕೋಲು ಹಿಡಿದು ಒಬ್ಬರ ಅಂಡಿಗೆ ಇನ್ನೊಬ್ಬರು ಮೂರು ಮೂರು ಬಾರಿ ಬಾರಿಸಬೇಕು. ಹಳೇ ಪಾಪದ ಲೆಕ್ಕ ಚುಕ್ತಾ. ಸುಮ್ನೆ ಹೇಳಬಾರದು, ಈ ಒಂದು ಶಾಸ್ತ್ರ ಮಾತ್ರ ನನಗೆ ಹಿಡಿಸಿತು. ಸಂಸಾರದಲ್ಲಿ ಮುಂದೆ ಆಗೋದನ್ನು ಮೊದಲ ದಿನವೇ ಸರಿಸಮವಾಗಿ ಮುಗಿಸಿಬಿಡುತ್ತಾರೆ.

ನನಗೆ ಹಿಡಿಸದ್ದು ಪಿತೃಗಳ ವ್ಯವಹಾರ. ಸತ್ತ ಹಿರಿಯರು ಪರಲೋಕದಲ್ಲಿ ನರಳುತ್ತಿದ್ದಾರೆ, ದುಡ್ಡು ಕಟ್ಟಿ ಬಿಡಿಸಿಕೊಳ್ಳಿ. ಎಷ್ಟು ತಲೆಮಾರು? 430.

ನಮ್ಮಲ್ಲಿ ತಿಥಿಗೆ ಮೂರು ತಲೆಮಾರಿನ ಹೆಸರು ಹೇಳಿದರೆ ಸಾಕು. ಅದೇ ಕಷ್ಟ. ಅಪ್ಪನ ವರ್ಷಾಂತಿಕದಲ್ಲಿ ಪುರೋಹಿತರು ಮುತ್ತಜ್ಜನ ಹೆಸರು ಕೇಳಿದರು. ನಾನು ದೊಡ್ಡಪ್ಪನ ಮುಖ ನೋಡಿದೆ. ದೊಡ್ಡಪ್ಪ ತೊಲೆ ನೋಡಿದರು. ಕೊನೆಗೆ ಒಳಗೆ ವಡೆ ತಟ್ಟುತ್ತಿದ್ದ ಸೋದರತ್ತೆ ಕೂಗಿ ಹೇಳಿದರು. ಅದೂ ಅಡ್ಡಹೆಸರು. ಪುರೋಹಿತರು ಅದನ್ನೇ ಸಂಸ್ಕೃತಕ್ಕೆ ತಿರುಗಿಸಿಕೊಂಡು ಮುಂದೆ ಹೋದರು. ಇನ್ನು 430 ಅಂದರೆ! ತಲೆಮಾರಿಗೆ 25 ವರ್ಷ ಹಿಡಿದರೂ 10,750 ವರ್ಷ. ಬೈಬಲ್ ಲೆಕ್ಕ ಹಿಡಿದು ಮೂನ್ ಅವರೇ ಮನುಷ್ಯನ ಚರಿತ್ರೆ 6,000 ವರ್ಷದ್ದು ಅಂತ ಬೋಧಿಸುತ್ತಿದ್ದರು. ಅಂದಮೇಲೆ ಆದಾಮನ ಮುತ್ತಜ್ಜನ ಹೆಸರಿಗೂ ರಸೀದಿ ಹರಿದಿದ್ದಾರೆ ಅಂತಾಯಿತು. ಏಳು ತಲೆಮಾರಿಗೆ ಆಸ್ತಿ ಮಾಡುವವರನ್ನು ಕಂಡಿದ್ದೇವೆ. ಹುಟ್ಟದೇ ಇದ್ದವರಿಂದ ವಸೂಲಿ ಮಾಡಿದವರನ್ನು ಕಂಡಿರಲಿಲ್ಲ.

ಇದನ್ನೆಲ್ಲ ಬಡಪಾಯಿ ಜನ ಮಾತ್ರ ನಂಬಿದರು ಅಂದುಕೊಂಡಿರಾ? 2004ರ ಮಾರ್ಚ್‌ನಲ್ಲಿ ವಾಷಿಂಗ್ಟನ್‌ನಲ್ಲಿ, ಸೆನೆಟ್ಟಿನದೇ ಕಚೇರಿ ಕಟ್ಟಡದಲ್ಲಿ, ಮೂನ್ ಅವರಿಗೆ ಕಿರೀಟಧಾರಣೆ ಆಯಿತು. ಇದೇ ಮನುಷ್ಯ ತೆರಿಗೆ ಕೇಸಿನಲ್ಲಿ ಅದೇ ದೇಶದ ಜೈಲಿನಲ್ಲಿ ಹದಿಮೂರು ತಿಂಗಳು ಇದ್ದು ಬಂದವರು. ಡ್ಯಾನಿ ಡೇವಿಸ್ ಅನ್ನೋ ಸಂಸದರು ಬಿಳಿ ಗ್ಲೌಸ್ ಹಾಕಿಕೊಂಡು, ದಿಂಬಿನ ಮೇಲೆ ಕಿರೀಟ ಇಟ್ಟುಕೊಂಡು ಬಂದರು. ದಿಂಬು! ಮೂನ್ ತಾವೇ ಮೆಸ್ಸಾಯ ಅಂದರು. ಹಿಟ್ಲರ್, ಸ್ಟಾಲಿನ್ ಕೂಡ ತಮ್ಮ ಬೋಧನೆಯಿಂದ ಹೊಸ ಮನುಷ್ಯರಾಗಿದ್ದಾರೆ ಅಂದರು. ಅವರಿಬ್ಬರ ಫೀಸು ಯಾರು ಕಟ್ಟಿದರೋ. ಆಮೇಲೆ, ಹೋಗಿದ್ದ ಕೆಲವರು ಇದು ಇಂಥ ಕಾರ್ಯಕ್ರಮ ಅಂತ ಗೊತ್ತೇ ಇರಲಿಲ್ಲ ಅಂದರು. ಎಲ್ಲ ದೇಶದ ರಾಜಕಾರಣಿಗಳಿಗೂ ಇದೊಂದು ವಾಕ್ಯ ಬಾಯಿಪಾಠ ಅಲ್ವಾ?

2012ರಲ್ಲಿ ಮೂನ್ ತೀರಿಕೊಂಡರು. ಪಾಪವಿಲ್ಲದ ಆ ಸಂಸಾರದಲ್ಲಿ ಪಾಲಿನ ಜಗಳ ಜೋರಾಯಿತು. ಒಬ್ಬ ಮಗ ತಾಯಿಯನ್ನು ಬ್ಯಾಬಿಲೋನಿನ ಸೂಳೆ ಅಂತ ಬೈದು, ಪೆನ್ಸಿಲ್ವೇನಿಯಾದಲ್ಲಿ ಬೇರೆ ಮಠ ಮಾಡಿಕೊಂಡು, ಗುಂಡುಗಳ ಕಿರೀಟ ಹಾಕಿಕೊಂಡು, ಎಆರ್-15 ಬಂದೂಕು ಹಿಡಿದು ಬಂದ ಭಕ್ತರಿಗೆ ಆಶೀರ್ವಾದ ಮಾಡಿದ. ತಮಾಷೆ ಇಷ್ಟಕ್ಕೇ ನಿಂತಿದ್ದರೆ ನಗಬಹುದಿತ್ತು.

ದುಡ್ಡು ಜಾಸ್ತಿ ಬಂದದ್ದು ಜಪಾನಿನಿಂದ. ಗಂಡ ಸತ್ತವರು, ಮಗುವಿಗೆ ಕಾಯಿಲೆ ಇರುವವರು, ಇಂಥವರ ಬಾಗಿಲು ತಟ್ಟಿ, ನಿಮ್ಮ ಹಿರಿಯರ ಪಾಪ ಕಾಡುತ್ತಿದೆ ಅಂತ ಹೆದರಿಸಿ, ಹೂದಾನಿ, ಪುಟ್ಟ ಗೋಪುರ, ಹೆಸರಿನ ಮುದ್ರೆ ಮಾರಿದರು. ಬಾಯಿಗೆ ಬಂದ ಬೆಲೆಗೆ. 1987ರಿಂದ ಅಲ್ಲಿನ ವಕೀಲರು ಸಂಘ ಕಟ್ಟಿಕೊಂಡು ಕೂಗಿದರು. ಯಾರು ಕೇಳಿದರು? ಚುನಾವಣೆಗೆ ಪುಕ್ಕಟೆ ದುಡಿಯುವ ಭಕ್ತರನ್ನು ಯಾವ ಪಕ್ಷ ಬಿಡುತ್ತೆ? 2022ರ ಜುಲೈ 8ರಂದು ನಾರಾ ನಗರದಲ್ಲಿ ಯಮಗಾಮಿ ಅನ್ನೋನು ಮನೆಯಲ್ಲೇ ಮಾಡಿದ ಬಂದೂಕಿನಿಂದ ಮಾಜಿ ಪ್ರಧಾನಿ ಶಿಂಜೊ ಅಬೆ ಅವರನ್ನು ಕೊಂದ. ಅಬೆ ಹಿಂದಿನ ವರ್ಷ ಚರ್ಚಿನ ಬಳಗದ ಸಭೆಗೆ ವಿಡಿಯೋ ಸಂದೇಶ ಕಳಿಸಿದ್ದರು. ಕೊಲೆ ಆದಮೇಲೆ ಆಳುವ ಪಕ್ಷ ತನ್ನ ಸಂಸದರನ್ನು ಎಣಿಸಿತು. 379 ಜನರಲ್ಲಿ 179 ಮಂದಿಗೆ ಚರ್ಚಿನ ನಂಟು. ಎಣಿಸೋಕೆ ಒಂದು ಹೆಣ ಬೀಳಬೇಕಾಯಿತು. ಟೋಕಿಯೋ ನ್ಯಾಯಾಲಯ ಚರ್ಚಿನ ವಿಸರ್ಜನೆಗೆ ಆದೇಶ ಕೊಡುವಷ್ಟರಲ್ಲಿ 2025ರ ಮಾರ್ಚ್.

ಯಮಗಾಮಿ ಮಾಡಿದ್ದು ಕೊಲೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ಮನೆಯ ಲೆಕ್ಕವನ್ನೂ ನೋಡಿ. ಅಪ್ಪ ಆತ್ಮಹತ್ಯೆ ಮಾಡಿಕೊಂಡಿದ್ದ. ಅಣ್ಣನಿಗೆ ಕಾಯಿಲೆ. ಅಪ್ಪ ಸತ್ತು ಬಂದ ವಿಮೆ ಹಣ, ಆಮೇಲೆ ಜಮೀನು, ಎಲ್ಲ ಸೇರಿ ಹತ್ತು ಕೋಟಿ ಯೆನ್ ಅಮ್ಮ ಚರ್ಚಿಗೆ ಕೊಟ್ಟಳು. ಮನೆಯವರು ಗಲಾಟೆ ಮಾಡಿದಾಗ ಚರ್ಚು ಐದು ಕೋಟಿ ವಾಪಸ್ ಕೊಡಲು ಒಪ್ಪಿತು. ಕಂತಿನಲ್ಲಿ. ಫ್ರಿಜ್ಜು ಕೊಂಡವರು ಕಟ್ಟುವ ಹಾಗೆ ತಿಂಗಳಿಗಿಷ್ಟು ಅಂತ. 2014ರಲ್ಲಿ ಕಂತು ಮುಗಿಯಿತು. ಮರುವರ್ಷ ಅಣ್ಣನೂ ಆತ್ಮಹತ್ಯೆ ಮಾಡಿಕೊಂಡ.