ನನ್ನ ಮಗ ಯಾವ ಕಾಲಂನಲ್ಲಿದ್ದಾನೆ?

ಜನವರಿ ಬಂತೆಂದರೆ ಕ್ಯಾಲಿಫೋರ್ನಿಯಾದ ಸ್ಯಾನ್ ಹೊಸೆಯ ನಮ್ಮ ಕನ್ನಡಿಗರ ವಾಟ್ಸಾಪ್ ಗುಂಪಿನಲ್ಲಿ ಚಾರ್ಟರ್ ಶಾಲೆಯ ಲಾಟರಿಯದೇ ಮಾತು. ಮೊದಲ ಪ್ರಶ್ನೆ, "ಸ್ಕೋರ್ ಹೇಗಿದೆ?" ಎರಡನೆಯದು, "ನಮ್ಮವರು ಎಷ್ಟು ಪರ್ಸೆಂಟ್?" ಎರಡನೇ ಪ್ರಶ್ನೆಯ ಪಕ್ಕ ಮಾತ್ರ ಒಂದು ನಗುವ ಎಮೋಜಿ ಇರುತ್ತದೆ.

ಚಾರ್ಟರ್ ಅಂದರೆ ನಮ್ಮ ಅನುದಾನಿತ ಶಾಲೆಯ ದೂರದ ನೆಂಟ. ದುಡ್ಡು ಸರ್ಕಾರದ್ದು, ಫೀಸು ಇಲ್ಲ, ನಡೆಸುವುದು ಬೇರೆಯದೇ ಒಂದು ಮಂಡಳಿ. ಮೊದಲು ಇಂಥ ಕಾನೂನು ಮಾಡಿದ್ದು ಮಿನ್ನೆಸೋಟಾ, 1991ರಲ್ಲಿ. ಮರುವರ್ಷ ಕ್ಯಾಲಿಫೋರ್ನಿಯಾ. ಅನುದಾನಿತ ಶಾಲೆಗೆ ಇಲ್ಲದ ಒಂದು ಭಯ ಇದಕ್ಕಿದೆ. ಶಾಲೆ ನಡೆಸುವ ಪರವಾನಗಿ, ಅಂದರೆ ಸನ್ನದು, ಸಾಮಾನ್ಯವಾಗಿ ಐದು ವರ್ಷಕ್ಕೆ. ಮಕ್ಕಳ ಕಲಿಕೆ ಸರಿಯಿಲ್ಲದಿದ್ದರೆ ಅದು ಮುಂದುವರಿಯುವುದಿಲ್ಲ, ಶಾಲೆ ಬಾಗಿಲು ಹಾಕಬೇಕು. ಸೀಟಿಗಿಂತ ಅರ್ಜಿ ಜಾಸ್ತಿ ಬಂದರೆ ಎಲ್ಲರ ಎದುರೇ ಚೀಟಿ ಎತ್ತಬೇಕು. ನಮ್ಮ ಮೊರಾರ್ಜಿ ಶಾಲೆಗೆ ಆರನೇ ತರಗತಿಗೆ ಸೇರಲೇ ಮಕ್ಕಳು ಪ್ರವೇಶ ಪರೀಕ್ಷೆ ಬರೆಯುತ್ತಾರಲ್ಲ, ಇಲ್ಲಿ ಅದಿಲ್ಲ.

ಈ ಶಾಲೆಗಳ ಫಲಿತಾಂಶವನ್ನು ರಾಜ್ಯದ ಜಾಲತಾಣದಲ್ಲಿ, ಅಂದರೆ ಡ್ಯಾಶ್‌ಬೋರ್ಡ್‌ನಲ್ಲಿ ಯಾರು ಬೇಕಾದರೂ ನೋಡಬಹುದು. ಕೆಂಪು ಅಂದರೆ ತೀರಾ ಕೆಳಗೆ, ನೀಲಿ ಅಂದರೆ ಎಲ್ಲಕ್ಕಿಂತ ಮೇಲೆ, ನಡುವೆ ಮೂರು ಬಣ್ಣ. ಇಡೀ ಶಾಲೆಗೆ ಒಂದು ಬಣ್ಣ ಬಳಿದು ಅಷ್ಟಕ್ಕೇ ಬಿಡುವುದಿಲ್ಲ. ಬಡ ಮನೆಯ ಮಕ್ಕಳು, ಇಂಗ್ಲಿಷ್ ಕಲಿಯುತ್ತಿರುವವರು, ಅಂಗವೈಕಲ್ಯ ಇರುವವರು, ಕಪ್ಪು ಮಕ್ಕಳು, ಹಿಸ್ಪಾನಿಕ್, ಏಷ್ಯನ್, ಹೀಗೆ ಗುಂಪು ಗುಂಪಿಗೂ ಬೇರೆ ಬಣ್ಣ. 2002ರಲ್ಲಿ ಬುಷ್ ಸಹಿ ಹಾಕಿದ ಕಾನೂನಿನಿಂದ ಹೀಗೆ ಗುಂಪುವಾರು ಫಲಿತಾಂಶ ತೋರಿಸುವುದು ದೇಶಕ್ಕೆಲ್ಲ ಕಡ್ಡಾಯವಾಯಿತು. ಚೆನ್ನಾಗಿ ಓದುವವರ ಸರಾಸರಿಯ ಹಿಂದೆ ಉಳಿದವರು ಮರೆಯಾಗಬಾರದು ಎನ್ನುವುದೇ ಅದರ ಉದ್ದೇಶ.

ನನ್ನ ಮಗ ಅದರಲ್ಲಿ ಯಾವ ಕಾಲಂಗೆ ಹೋದ ಗೊತ್ತಾ? ಕಿಂಡರ್‌ಗಾರ್ಟನ್‌ಗೆ ಸೇರಿಸುವಾಗ ಒಂದು ಫಾರಂ ಕೊಟ್ಟರು. ಮಗು ಮೊದಲು ಕಲಿತ ಭಾಷೆ ಯಾವುದು, ಮನೆಯಲ್ಲಿ ಜಾಸ್ತಿ ಆಡುವ ಭಾಷೆ ಯಾವುದು, ಇಂಥವೇ ನಾಲ್ಕು ಪ್ರಶ್ನೆ. ಗೆಳೆಯನೊಬ್ಬ ಮೊದಲೇ ಎಚ್ಚರಿಸಿದ್ದ: "ಸುಮ್ನೆ ಇಂಗ್ಲಿಷ್ ಅಂತ ಬರಿ, ಇಲ್ಲಾಂದ್ರೆ ಟೆಸ್ಟ್ ಇಡ್ತಾರೆ." ನಾನು ಕನ್ನಡ ಅಂತಲೇ ಬರೆದೆ. ಟೆಸ್ಟ್ ಇಟ್ಟರು. ಮಾತಿನ ಮಲ್ಲ ನನ್ನ ಮಗ ಹೊಸ ಟೀಚರ್ ಮುಂದೆ ಬಾಯೇ ಬಿಡಲಿಲ್ಲ. ಇಂಗ್ಲಿಷ್ ಕಲಿಯುವವರ ಪಟ್ಟಿಗೆ ಸೇರಿದ. ಅದರಿಂದ ಹೊರಬರುವಷ್ಟರಲ್ಲಿ ಮೂರನೇ ತರಗತಿ ಆಗಿತ್ತು.

ಆಗಲೇ ನನಗೆ ಒಂದು ವಿಷಯ ಹೊಳೆದದ್ದು. ಇಂಗ್ಲಿಷ್ ಬಂತು ಅಂದ ಮೇಲೆ ಮಗು ಕೆಲವು ವರ್ಷಗಳಲ್ಲಿ ಆ ಗುಂಪಿನ ಲೆಕ್ಕದಿಂದ ಹೊರಗೆ. ಒಳಗೆ ಉಳಿಯುವವರು ಹೆಚ್ಚಾಗಿ ಇನ್ನೂ ಬಾರದವರು, ಜೊತೆಗೆ ಹೊಸದಾಗಿ ಬಂದವರು. ಹಾಗಾದರೆ ಆ ಗುಂಪಿನ ಅಂಕ ಮೇಲೇರುವುದು ಹೇಗೆ? ಏಷ್ಯನ್ ಕಾಲಂ ಕೂಡ ಹೀಗೇ ಮೋಸ ಮಾಡುತ್ತದೆ. ಹೆಚ್1ಬಿ ವೀಸಾದಲ್ಲಿ ಬಂದ ಎಂಜಿನಿಯರ್ ಮಗನೂ, ಯುದ್ಧ ತಪ್ಪಿಸಿಕೊಂಡು ಲಾವೋಸಿನಿಂದ ಬಂದ ಮಾಂಗ್ ಕುಟುಂಬದ ಮೊಮ್ಮಗಳೂ ಅಲ್ಲಿ ಒಂದೇ.

ಲಾಟರಿ ಎಂದ ಮಾತ್ರಕ್ಕೆ ಎಲ್ಲರಿಗೂ ಸಮಾನ ಅವಕಾಶ ಅಂತಲೂ ಅಲ್ಲ. ಬಹಳಷ್ಟು ಚಾರ್ಟರ್ ಶಾಲೆಗಳಿಗೆ ಬಸ್ ಇಲ್ಲ. ಮಧ್ಯಾಹ್ನ ಎರಡೂವರೆಗೆ ಕಾರು ತೆಗೆದುಕೊಂಡು ಗೇಟಿನ ಮುಂದೆ ನಿಲ್ಲಬಲ್ಲವರು ಮಾತ್ರ ಅರ್ಜಿ ಹಾಕುತ್ತಾರೆ. ಅದಕ್ಕೇ ಬಾಸ್ಟನ್‌ನ ಚಾರ್ಟರ್ ಶಾಲೆಗಳನ್ನು ಅಳೆದ ಅರ್ಥಶಾಸ್ತ್ರಜ್ಞರು ಚೀಟಿಯಲ್ಲಿ ಗೆದ್ದವರನ್ನು ಚೀಟಿಯಲ್ಲೇ ಸೋತವರ ಜೊತೆ ಹೋಲಿಸಿದರು. ಎರಡೂ ಕಡೆ ಅರ್ಜಿ ಹಾಕುವಷ್ಟು ಆಸಕ್ತಿ ಇದ್ದ ಮನೆಗಳೇ. ಆಮೇಲೂ ಗೆದ್ದವರ ಕಲಿಕೆ ಚೆನ್ನಾಗಿಯೇ ಕಂಡಿತು. ಆದರೆ ದೇಶದ ಲೆಕ್ಕ ಅಷ್ಟು ರುಚಿಯಾಗಿಲ್ಲ. ಸ್ಟ್ಯಾನ್‌ಫರ್ಡ್‌ನವರ 2023ರ ಅಧ್ಯಯನದಲ್ಲಿ ಚಾರ್ಟರ್ ಮಕ್ಕಳು ಮಾಮೂಲಿ ಸರ್ಕಾರಿ ಶಾಲೆಯ ಮಕ್ಕಳಿಗಿಂತ ವರ್ಷಕ್ಕೆ ಓದಿನಲ್ಲಿ 16 ದಿನ, ಗಣಿತದಲ್ಲಿ 6 ದಿನದ ಪಾಠದಷ್ಟು ಮುಂದಿದ್ದರು. ಗಣಿತದಲ್ಲಿ ಒಂದು ವಾರ!

ಊರಿನ ಕಡೆ ನೋಡಿ. 2024ರ ಎಸ್ಸೆಸ್ಸೆಲ್ಸಿಯಲ್ಲಿ ಉಡುಪಿ ಶೇ 94, ಯಾದಗಿರಿ ಶೇ 50.59. ಮರುದಿನ ಪತ್ರಿಕೆಗಳಲ್ಲಿ ಒಂದು ಜಿಲ್ಲೆಗೆ ಶಹಬ್ಬಾಸ್, ಇನ್ನೊಂದಕ್ಕೆ ಬೈಗುಳ. ಯಾದಗಿರಿಯ ಎಷ್ಟು ಮಕ್ಕಳ ಅಪ್ಪ ಅಮ್ಮ ಬೆಂಗಳೂರಿಗೆ ಗುಳೆ ಬಂದಿದ್ದರು, ಎಷ್ಟು ಮಕ್ಕಳು ಹತ್ತಿ ಬಿಡಿಸಲು ಹೋಗಿ ಶಾಲೆ ತಪ್ಪಿಸಿದರು, ಇದು ಅಂಕದ ಪಕ್ಕದಲ್ಲಿ ಬರುವುದಿಲ್ಲ. ಇಲಾಖೆಯ ಪ್ರಕಟಣೆಯಲ್ಲಿ ಹುಡುಗ ಹುಡುಗಿ, ನಗರ ಗ್ರಾಮ, ಜಾತಿ ವರ್ಗದ ಲೆಕ್ಕ ಇರುತ್ತದೆ, ಇಲ್ಲ ಅಂತಲ್ಲ. ಆದರೆ ಬಸ್‌ಸ್ಟ್ಯಾಂಡಿನ ಫ್ಲೆಕ್ಸ್‌ಗೆ ಹೋಗುವುದು ಒಂದೇ ಸಾಲು: ಶೇ 100 ಫಲಿತಾಂಶ. ನಮ್ಮ ತಾಲ್ಲೂಕಿನ ಒಂದು ಶಾಲೆ ಆ ನೂರು ಮಾಡುವ ಬಗೆ ನನಗೆ ಗೊತ್ತು. ಒಂಬತ್ತನೇ ತರಗತಿ ಮುಗಿಯುತ್ತಿದ್ದಂತೆ ನನ್ನ ಅಕ್ಕನ ಮಗನ ಅಪ್ಪನನ್ನು ಕರೆಸಿ, ಟೀ ಕೊಟ್ಟು, ಟಿಸಿ ಕೊಟ್ಟು ಕಳಿಸಿದರು. ಹುಡುಗ ಸರ್ಕಾರಿ ಹೈಸ್ಕೂಲಿಗೆ ಸೇರಿದ. ಅವನು ಫೇಲಾದದ್ದು ಸರ್ಕಾರಿ ಶಾಲೆಯ ಲೆಕ್ಕಕ್ಕೆ ಬಿತ್ತು. ಇಲ್ಲಿನ ಚಾರ್ಟರ್‌ಗಳ ಮೇಲೂ ಇದೇ ದೂರು ಇದೆ. ನಡುವೆ ಬಿಟ್ಟುಹೋದ ಮಗುವಿನ ಜಾಗಕ್ಕೆ ಕೆಲವು ಶಾಲೆಗಳು ಹೊಸಬರನ್ನು ಸೇರಿಸಿಕೊಳ್ಳುವುದಿಲ್ಲ.

ಇಷ್ಟಾದರೂ ಇಲ್ಲಿನ ಡ್ಯಾಶ್‌ಬೋರ್ಡು ನನಗೆ ಇಷ್ಟ. ಇಲ್ಲಿ ಒಂದು ಶಾಲೆ ಹಸಿರು ಬಣ್ಣ ತೋರಿಸಿ ಬೀಗುವಾಗ, ಕೆಳಗೆ ಕಿತ್ತಳೆಯಲ್ಲಿರುವ ಗುಂಪು ಯಾವುದು ಎಂದು ಯಾರು ಬೇಕಾದರೂ ಬೆರಳಿಟ್ಟು ಕೇಳಬಹುದು. ಬೇಜಾರು ಅದನ್ನು ನಾವು ಬಳಸುವ ರೀತಿಯ ಮೇಲೆ. ಹಿಂದುಳಿದವರನ್ನು ಹುಡುಕಲು ಮಾಡಿದ ಪಟ್ಟಿಯಲ್ಲಿ ನಾವು ನಮ್ಮಂಥವರನ್ನು ಹುಡುಕುತ್ತೇವೆ. ಮನೆ ಕೊಳ್ಳುವಾಗಲೂ ಅಷ್ಟೇ. ನಾನೂ ಹುಡುಕಿದವನೇ ಬಿಡಿ, ಮೊದಲ ವರ್ಷ.

ಹೋದ ವಾರ ಗುಂಪಿನಲ್ಲಿ ಮತ್ತೆ ಯಾರೋ ಕೇಳಿದರು, ಆ ಶಾಲೆಯಲ್ಲಿ ನಮ್ಮವರು ಎಷ್ಟು ಅಂತ. ನಾನು ಡ್ಯಾಶ್‌ಬೋರ್ಡಿನ ಕೊಂಡಿ ಕಳಿಸಿ, "ಇಂಗ್ಲಿಷ್ ಕಲಿಯುವವರ ಸಾಲು ನೋಡಿ, ನನ್ನ ಮಗ ಮೂರು ವರ್ಷ ಅಲ್ಲೇ ಇದ್ದ" ಅಂತ ಬರೆದೆ. ಒಂದು ಹೆಬ್ಬೆಟ್ಟು ಬಂತು. ಆಮೇಲೆ ಖಾಸಗಿಯಾಗಿ ಒಂದು ಮೆಸೇಜು: "ಅಯ್ಯೋ, ಫಾರಂನಲ್ಲಿ ಕನ್ನಡ ಅಂತ ಬರೆದಿದ್ರಾ?"