ಇಳಿದು ನಡೆಯುವ ಕಾಡು, ಕೂತು ನೋಡುವ ಕಾಡು

ಅಮೆರಿಕದ ಕೊಲೊರಾಡೊ ರಾಜ್ಯದಲ್ಲಿ ನೆಲೆಸಿರುವ ನಮ್ಮಂಥವರು ಊರಿನಿಂದ ಬಂದ ನೆಂಟರನ್ನು ರಾಕಿ ಮೌಂಟನ್ ರಾಷ್ಟ್ರೀಯ ಉದ್ಯಾನಕ್ಕೆ ಕರೆದೊಯ್ದರೆ, ಸಫಾರಿ ಜೀಪು ಎಲ್ಲಿ ಹತ್ತಬೇಕು ಎಂಬುದೇ ಅವರ ಮೊದಲ ಪ್ರಶ್ನೆ. 1915ರಲ್ಲಿ ಸ್ಥಾಪನೆಯಾದ ಈ ಉದ್ಯಾನವನ್ನು ನೋಡಲು ಅಂಥ ಜೀಪು ಹತ್ತಬೇಕಿಲ್ಲ. ಬೇಸಿಗೆಯಲ್ಲಿ ಸ್ವಂತ ಕಾರಿನಲ್ಲೇ 12,183 ಅಡಿ ಎತ್ತರದವರೆಗೆ ಏರುವ ಟ್ರೇಲ್ ರಿಡ್ಜ್ ರಸ್ತೆಯಲ್ಲಿ ಹೋಗಬಹುದು, ಇಳಿದು ಕಾಲುದಾರಿ ಹಿಡಿಯಬಹುದು. ಎಲ್ಕ್ ಜಿಂಕೆಗಳಿಂದ 75 ಅಡಿ, ಕರಡಿ ಮತ್ತು ಮೂಸ್ ಎಂಬ ಭಾರೀ ಜಿಂಕೆಗಳಿಂದ 120 ಅಡಿ ದೂರವಿರಬೇಕೆಂಬ ನಿಯಮವನ್ನು ಪಾಲಿಸುವ ಹೊಣೆ ನಡೆಯುವವರದೇ.

ಶರತ್ಕಾಲದಲ್ಲಿ ಗಂಡು ಎಲ್ಕ್‌ಗಳು ಹೆಣ್ಣುಗಳಿಗಾಗಿ ಕೂಗುವ ಹೊತ್ತಿಗೆ, ಸಂಜೆ ನಡೆದಾಡಲು ನಿಷೇಧವಿರುವ ಹುಲ್ಲುಗಾವಲುಗಳ ಅಂಚಿನಲ್ಲಿ ಜನ ಮಡಿಚುವ ಕುರ್ಚಿ ಹಾಕಿಕೊಂಡು ಬಹಳ ಹೊತ್ತು ಕೂರುತ್ತಾರೆ. ಅಷ್ಟು ದೊಡ್ಡ ಪ್ರಾಣಿಯ ಗಂಟಲಿನಿಂದ ಕೊಳಲಿನಂಥ ತೆಳು ಸ್ವರ ಏರುತ್ತಾ ಹೋಗುವುದನ್ನು ಕೇಳುವುದಷ್ಟೇ ಅವರಿಗೆ ಸಾಕು. ನಮ್ಮ ಬಂಡೀಪುರದಲ್ಲೋ ನಾಗರಹೊಳೆಯಲ್ಲೋ ಕಾಟಿ, ಕಡವೆ, ಸೀಳುನಾಯಿಗಳನ್ನು ಕಣ್ತುಂಬ ನೋಡಿಬಂದವರೂ ಹುಲಿ ಕಾಣದಿದ್ದರೆ "ಏನೂ ಸಿಗಲಿಲ್ಲ" ಎನ್ನುತ್ತಾರೆ. ವಾಹನದಲ್ಲಿ ಕೂರಿಸಿ, ಗೊತ್ತಾದ ದಾರಿಯಲ್ಲಿ, ಗೊತ್ತಾದ ಅವಧಿಯಲ್ಲಿ ಸುತ್ತಿಸುವ ಕ್ರಮವೇ ಈ ಮನೋಭಾವವನ್ನು ಬೆಳೆಸಿದೆ ಎಂದು ನನ್ನ ಅಭಿಪ್ರಾಯ.

ಹಾಗೆಂದು ಅಮೆರಿಕದ ಕ್ರಮವನ್ನು ಕಣ್ಮುಚ್ಚಿ ಹೊಗಳುವಂತಿಲ್ಲ. ಇಲ್ಲಿ ನಿರಾತಂಕವಾಗಿ ನಡೆಯಲು ಸಾಧ್ಯವಾಗಿರುವುದಕ್ಕೆ ಒಂದು ಕಾರಣ, ತೋಳ ಮತ್ತು ಗ್ರಿಜ್ಲಿ ಕರಡಿಗಳನ್ನು ಜನರು ಹಿಂದೆಯೇ ನಿರ್ನಾಮ ಮಾಡಿದ್ದು. ಬೇಟೆಯಿಂದ ಬರಿದಾಗಿದ್ದ ಈ ಕಣಿವೆಗಳಿಗೆ ಎಲ್ಕ್‌ಗಳನ್ನೂ 1913-14ರಲ್ಲಿ ಯೆಲ್ಲೊಸ್ಟೋನ್ ರಾಷ್ಟ್ರೀಯ ಉದ್ಯಾನದಿಂದ ತರಬೇಕಾಯಿತು. ತೋಳಗಳಿಲ್ಲದ ನಾಡಿನಲ್ಲಿ ಅವು ಮಿತಿಮೀರಿ ಬೆಳೆದು, ವಿಲೋ ಮತ್ತು ಆಸ್ಪೆನ್ ಗಿಡಗಳನ್ನು ಮೇಯ್ದು ಮುಗಿಸತೊಡಗಿದಾಗ ಉದ್ಯಾನದೊಳಗೇ ಬೇಲಿ ಹಾಕಬೇಕಾಯಿತು. ಕೊಲೊರಾಡೊಗೆ ತೋಳಗಳನ್ನು ಮರಳಿ ತರುವ ಕೆಲಸ ಆರಂಭವಾದದ್ದು 2023ರ ಡಿಸೆಂಬರಿನಲ್ಲಿ. 2022ರ ಅಂದಾಜಿನಂತೆ 563 ಹುಲಿಗಳು, 2023ರ ಗಣತಿಯಂತೆ 6,395 ಆನೆಗಳು ಇರುವ ಕರ್ನಾಟಕದಲ್ಲಿ ಪ್ರವಾಸಿಗರ ಕೈಗೆ ನಕ್ಷೆ ಕೊಟ್ಟು ಒಂಟಿಯಾಗಿ ಕಾಡಿಗೆ ಬಿಡಲು ಯಾವ ಅಧಿಕಾರಿಯೂ ಒಪ್ಪಲಾರರು, ಒಪ್ಪಲೂಬಾರದು. ಟ್ರೇಲ್ ರಿಡ್ಜ್ ರಸ್ತೆ ಚಳಿಗಾಲದಲ್ಲಿ ಮುಚ್ಚುವುದು ಹಿಮದಿಂದಾಗಿ. ಬಂಡೀಪುರದ ಹೆದ್ದಾರಿಯಲ್ಲಿ 2009ರಿಂದ ರಾತ್ರಿ ಸಂಚಾರ ನಿಂತಿರುವುದು ಪ್ರಾಣಿಗಳಿಗಾಗಿ. ಈ ಒಂದು ವಿಷಯದಲ್ಲಿ ನಮ್ಮವರೇ ಮೇಲು.

ನಿಜವಾಗಿ ರಾಕಿ ಬೆಟ್ಟಗಳೊಡನೆ ಹೋಲಿಸಬೇಕಾದದ್ದು ಕುದುರೆಮುಖ. 2005ರ ಕೊನೆಗೆ ಕಬ್ಬಿಣದ ಅದಿರಿನ ಗಣಿಗಾರಿಕೆ ನಿಂತ ಆ ಉದ್ಯಾನದಲ್ಲಿ ಶೋಲಾ ಕಾಡು, ಹುಲ್ಲುಬೆಟ್ಟ, ಸಿಂಗಳೀಕಗಳಿವೆ. ಅನುಮತಿ ಪಡೆದು ಮಾರ್ಗದರ್ಶಕರೊಡನೆ ನಡೆಯುವ ವ್ಯವಸ್ಥೆಯೂ ಇದೆ. ಇಲ್ಲಿಂದ ಅಲ್ಲಿಗೆ ಒಯ್ಯಬಹುದಾದ ಒಂದು ಪದ್ಧತಿಯೆಂದರೆ ರೇಂಜರ್‌ಗಳ, ಅಂದರೆ ಉದ್ಯಾನದ ಸಿಬ್ಬಂದಿಯ, ಪಾಠ. ಮರಗಳೇ ಬೆಳೆಯದ ಎತ್ತರದ ಬಯಲಿನಲ್ಲಿ, ತುಳಿದ ಗಿಡ ಚೇತರಿಸಿಕೊಳ್ಳಲು ದಶಕಗಳೇ ಬೇಕೆಂಬುದನ್ನು ಅವರು ಮಕ್ಕಳನ್ನು ಸುತ್ತ ನಿಲ್ಲಿಸಿಕೊಂಡು ವಿವರಿಸುತ್ತಾರೆ, ಅದಕ್ಕೆ ಬೇರೆ ಶುಲ್ಕವೂ ಇಲ್ಲ. ಕುದುರೆಮುಖದ ಸುತ್ತಲಿನ ಊರುಗಳಲ್ಲಿ ಗಿಡಮರಗಳ ಗುರುತು, ಹಕ್ಕಿಗಳ ದನಿ ಬಲ್ಲವರು ಬೇಕಾದಷ್ಟಿದ್ದಾರೆ. ದಾರಿ ತೋರಿಸುವುದಕ್ಕೆ ಮಾತ್ರವಲ್ಲ, ಆ ತಿಳಿವಳಿಕೆಯನ್ನು ಹೇಳಿಕೊಡುವುದಕ್ಕೂ ಅರಣ್ಯ ಇಲಾಖೆ ಅವರಿಗೆ ಸರಿಯಾದ ಸಂಬಳ ಕೊಡಬೇಕು.