ಪಾಪದ ಅರಿಕೆಯಲ್ಲಿ ಸೈತಾನನ ಹೆಸರು ಬರಬೇಕೇ?

ಪರ: ಹೊರಗಿನ ಶತ್ರುವನ್ನು ಮರೆಯಬಾರದು

ಪಾಪದ ಅರಿಕೆಯಲ್ಲಿ, ಎಂದರೆ ಮಾಡಿದ ಪಾಪವನ್ನು ಒಪ್ಪಿಕೊಳ್ಳುವಾಗ, ಸೈತಾನನ ಹೆಸರನ್ನು ಉಳಿಸಿಕೊಳ್ಳಬೇಕೆಂಬ ಪಕ್ಷವನ್ನು ನನಗೆ ವಹಿಸಲಾಗಿದೆ. ಭಾನುವಾರ ಶಾಲೆಯಲ್ಲಿ ಬಹಳ ಕಾಲ ಪಾಠ ಹೇಳಿದವನು ನಾನು. ಮಕ್ಕಳನ್ನು ಹೆದರಿಸುವುದಕ್ಕೆ ಈ ಹೆಸರನ್ನು ಬಳಸುವುದನ್ನು ಕಂಡು ನೊಂದಿದ್ದೇನೆ. ಆದುದರಿಂದ ಈ ಪಕ್ಷವನ್ನು ಪೂರ್ತಿಯಾಗಿ ನನ್ನದೆನ್ನಲಾರೆ. ಆದರೂ ಇದರಲ್ಲಿ ಬಿಟ್ಟುಕೊಡಬಾರದ ಮಾತೊಂದಿದೆ.

ಶೋಧನೆಯೆಲ್ಲ, ಎಂದರೆ ಪಾಪಕ್ಕೆಳೆಯುವ ಪ್ರಲೋಭನೆಯೆಲ್ಲ, ನಮ್ಮ ಒಳಗಿನಿಂದಲೇ ಹುಟ್ಟುವುದಾದರೆ, ಅಡವಿಯಲ್ಲಿ ನಲವತ್ತು ದಿನ ಉಪವಾಸವಿದ್ದ ಯೇಸುವಿಗೆ ಶೋಧನೆ ಬಂದದ್ದು ಎಲ್ಲಿಂದ? ಆತನಲ್ಲಿ ಪಾಪವಿರಲಿಲ್ಲವೆಂಬುದು ಕ್ರೈಸ್ತ ಸಭೆಯ ನಂಬಿಕೆ. ಕಲ್ಲನ್ನು ರೊಟ್ಟಿಯಾಗಿಸು, ದೇವಾಲಯದ ತುದಿಯಿಂದ ಧುಮುಕು, ನನಗೆ ಅಡ್ಡಬೀಳು ಎಂಬ ಮಾತುಗಳು ಹೊರಗಿನಿಂದ ಬಂದವು. 1215ರಲ್ಲಿ ರೋಮಿನಲ್ಲಿ ಕೂಡಿದ ಬಿಷಪರ ನಾಲ್ಕನೆಯ ಲ್ಯಾಟರನ್ ಮಹಾಸಭೆಯೂ ಇದನ್ನು ಎಚ್ಚರದಿಂದಲೇ ಹೇಳಿದೆ: ದೇವರು ಸೈತಾನನನ್ನು ಒಳ್ಳೆಯವನನ್ನಾಗಿಯೇ ಸೃಷ್ಟಿಸಿದನು, ಅವನು ತಾನಾಗಿ ಕೆಟ್ಟನು, ಮನುಷ್ಯನು ಅವನ ಪ್ರೇರಣೆಯಿಂದ ಪಾಪ ಮಾಡಿದನು. ಪ್ರೊಟೆಸ್ಟಂಟ್ ಸುಧಾರಕ ಲೂಥರನು 1529ರ ಚಿಕ್ಕ ಪ್ರಶ್ನೋತ್ತರ ಗ್ರಂಥದಲ್ಲಿ, ಯೇಸು ಕಲಿಸಿದ ಕರ್ತನ ಪ್ರಾರ್ಥನೆಯಲ್ಲಿ ಬರುವ ಶೋಧನೆಯ ಬಿನ್ನಹವನ್ನು ವಿವರಿಸುವಾಗ ಸೈತಾನ, ಲೋಕ, ಶರೀರ ಈ ಮೂರನ್ನೂ ಒಟ್ಟಿಗೆ ಹೆಸರಿಸುತ್ತಾನೆ. ಕರ್ತನ ಪ್ರಾರ್ಥನೆಯಲ್ಲಿ ನಾವು ‘ಕೇಡಿನಿಂದ’ ಎನ್ನುವ ಕಡೆ ಇರುವ ಗ್ರೀಕ್ ಪದಕ್ಕೆ ‘ಕೆಡುಕನಿಂದ’ ಎಂಬ ಅರ್ಥವೂ ಸಲ್ಲುತ್ತದೆ.

ಇಂಗ್ಲೆಂಡಿನ ಸಭೆಯು 2015ರಲ್ಲಿ ಸರಳ ಭಾಷೆಯ ಪರ್ಯಾಯ ದೀಕ್ಷಾಸ್ನಾನ ವಿಧಿಯನ್ನು ಒಪ್ಪಿಕೊಂಡಾಗ ಅದರಲ್ಲಿ ಸೈತಾನನ ಹೆಸರು ಇರಲಿಲ್ಲ. ಭಾಷೆ ಸರಳವಾಯಿತು, ನಿಜ. ಆದರೆ ಕುಡಿತಕ್ಕೆ ಸಿಕ್ಕಿದ ಮಗನ ತಾಯಿಗೆ ಆ ಸರಳತೆಯಿಂದ ಏನು ದಕ್ಕಿತು? ‘ಇದು ನನ್ನ ಮಗನಲ್ಲ, ಅವನನ್ನು ಹಿಡಿದಿರುವುದು ಬೇರೆ’ ಎಂದು ಆಕೆ ಹೇಳುವಾಗ ಮಗನನ್ನೂ ಕೇಡನ್ನೂ ಬೇರೆಬೇರೆಯಾಗಿ ನೋಡುತ್ತಾಳೆ. ಕೇಡನ್ನು ದ್ವೇಷಿಸಿ ಮಗನನ್ನು ಪ್ರೀತಿಸಲು ಆಕೆಗೆ ಅಲ್ಲಿಂದ ಬಲ ಬರುತ್ತದೆ. ಎಲ್ಲವನ್ನೂ ಮನಸ್ಸಿನ ಕಾಯಿಲೆಯೆಂದು ತಳ್ಳಿಹಾಕುವವರು ಆ ತಾಯಿಯ ಮುಂದೆ ಒಂದು ಗಳಿಗೆ ಕುಳಿತುಕೊಳ್ಳಲಿ.

ವಿರೋಧ: ‘ನಾನು ಮಾಡಿದೆ’ ಎಂದಷ್ಟೇ ಹೇಳೋಣ

ಈ ಪಕ್ಷವನ್ನು ನಾನು ಕೇಳಿ ಪಡೆದೆ. ಸೈತಾನನು ಇದ್ದಾನೋ ಇಲ್ಲವೋ ಎಂಬುದು ನನ್ನ ಪ್ರಶ್ನೆಯಲ್ಲ. ಇದ್ದಾನೆಂದೇ ನಂಬುವವಳು ನಾನು. ನನ್ನ ಪಾಪವನ್ನು ಅರಿಕೆ ಮಾಡುವಾಗ ಅವನ ಹೆಸರಿಗೆ ಅಲ್ಲಿ ಜಾಗವಿಲ್ಲವೆಂಬುದಷ್ಟೇ ನನ್ನ ವಾದ.

ಏದೆನ್ ತೋಟದಲ್ಲಿ ದೇವರು ಆದಾಮನನ್ನು ಪ್ರಶ್ನಿಸುತ್ತಾನೆ, ಹವ್ವಳನ್ನು ಪ್ರಶ್ನಿಸುತ್ತಾನೆ. ಅವನು ಅವಳನ್ನು ತೋರಿಸುತ್ತಾನೆ, ಅವಳು ಸರ್ಪವನ್ನು ತೋರಿಸುತ್ತಾಳೆ. ಸರ್ಪಕ್ಕೆ ಶಾಪವುಂಟು, ಪ್ರಶ್ನೆ ಮಾತ್ರ ಇಲ್ಲ. ಉತ್ತರ ಕೊಡಬೇಕಾದವರು ಮನುಷ್ಯರು. ಯಾಕೋಬನ ಪತ್ರಿಕೆಯ ಮೊದಲ ಅಧ್ಯಾಯವು ಪ್ರತಿಯೊಬ್ಬನನ್ನೂ ಎಳೆದು ಮರುಳುಗೊಳಿಸುವುದು ಅವನದೇ ಆಶಾಪಾಶವೆನ್ನುತ್ತದೆ. ಅರಸನಾದ ದಾವೀದನು ಜನಗಣತಿ ಮಾಡಿಸಿ ಪಾಪಕ್ಕೆ ಗುರಿಯಾದ ಸಂಗತಿ ಇನ್ನೂ ಸ್ಪಷ್ಟ. ಎರಡನೆಯ ಸಮುವೇಲ ಗ್ರಂಥವು ಅವನನ್ನು ಪ್ರೇರಿಸಿದ್ದು ದೇವರ ಕೋಪವೆಂದರೆ, ಪೂರ್ವಕಾಲವೃತ್ತಾಂತವು ಅದು ಸೈತಾನನೆನ್ನುತ್ತದೆ. ಪ್ರೇರಿಸಿದವರ ಹೆಸರು ಬದಲಾಯಿತು, ದಾವೀದನ ಮಾತು ಬದಲಾಗಲಿಲ್ಲ. ಎರಡೂ ಕಡೆ ಅವನು ಪಾಪ ಮಾಡಿದವನು ನಾನೇ ಎನ್ನುತ್ತಾನೆ.

ಕರ್ತನಿಗೆ ಬಂದ ಶೋಧನೆಯನ್ನು ಮುಂದಿಟ್ಟು ವಾದಿಸುವವರಿಗೆ ನಾನು ಹೇಳುವುದಿಷ್ಟೇ: ಆತನು ಪಾಪ ಮಾಡಲಿಲ್ಲ, ಹಾಗಾಗಿ ಆತನಿಗೆ ಅರಿಕೆ ಮಾಡುವ ಪ್ರಮೇಯವೇ ಬರಲಿಲ್ಲ, ಆ ಅಡವಿಯನ್ನು ನಮ್ಮ ಕಳ್ಳತನಗಳ ಪಕ್ಕಕ್ಕೆ ತಂದು ನಿಲ್ಲಿಸುವುದು ತರವಲ್ಲ.

ಕಳ್ಳತನವೆಂದು ಸುಮ್ಮನೆ ಬರೆದಿಲ್ಲ. ಇಪ್ಪತ್ತಮೂರನೆಯ ವಯಸ್ಸಿನಲ್ಲಿ ಕರಾವಳಿಯ ನಮ್ಮ ಸಭೆಯ ಯುವಜನ ಸಂಘಕ್ಕೆ ನಾನು ಖಜಾಂಚಿಯಾಗಿದ್ದೆ. ಬೆಳೆಹಬ್ಬದಲ್ಲಿ ಕಾಣಿಕೆಯಾಗಿ ಬಂದ ಫಸಲಿನ ಏಲಂನಲ್ಲಿ ಸಿಕ್ಕಿದ ಹಣ ನಮ್ಮ ಮನೆಯ ಕಪಾಟಿನಲ್ಲಿ, ಒಂದು ಬಿಸ್ಕತ್ತು ಡಬ್ಬಿಯಲ್ಲಿತ್ತು. ಅದರಿಂದ ಮೂರು ಸಲಕ್ಕೆ 1,800 ರೂಪಾಯಿ ತೆಗೆದೆ. ಪ್ರತಿ ಸಲವೂ ಕೆಳಗಿನ ನೂರರ ನೋಟುಗಳನ್ನು ಎಳೆದುಕೊಂಡು, ಕಟ್ಟು ತೆಳುವಾದದ್ದು ತಿಳಿಯದಿರಲೆಂದು ಹತ್ತರ ನೋಟುಗಳನ್ನು ಮೇಲೆ ಹರಡಿ, ರಬ್ಬರ್ ಬ್ಯಾಂಡನ್ನು ಮೊದಲಿನಂತೆ ಎರಡು ಸುತ್ತು ಹಾಕಿದೆ. ಲೆಕ್ಕ ಒಪ್ಪಿಸುವ ದಿನ ಬಂದಾಗ ಸಮಿತಿಯ ಮುಂದೆ ಅತ್ತು, ‘ಸೈತಾನನು ನನ್ನ ಕಣ್ಣು ಕಟ್ಟಿದ’ ಎಂದೆ. ಸುಳ್ಳು ಹೇಳುತ್ತಿದ್ದೇನೆಂದು ಆಗ ನನಗೆ ಅನ್ನಿಸಲಿಲ್ಲ. ಹಿರಿಯರ ಕಣ್ಣೂ ತುಂಬಿತು. ನನ್ನ ತಲೆಯ ಮೇಲೆ ಕೈಯಿಟ್ಟು ಸೈತಾನನನ್ನು ಗದರಿಸಿ ಪ್ರಾರ್ಥಿಸಿದರು. ಹಣವನ್ನು ಯಾವಾಗ ಕೊಡುತ್ತೀಯೆಂದು ಒಬ್ಬರೂ ಕೇಳಲಿಲ್ಲ. ನಾನೂ ಹಗುರಾಗಿ ಹೊರಗೆ ಬಂದೆ.

ಗೇಟಿನ ಬಳಿ ಬೀಡಿ ಕಟ್ಟಿ ಬದುಕುತ್ತಿದ್ದ ಅಜ್ಜಿಯೊಬ್ಬರು ನಿಂತಿದ್ದರು. ಆ ಏಲಂನಲ್ಲಿ ಒಂದು ಕುಂಬಳಕಾಯಿಗೆ ನೂರಿಪ್ಪತ್ತು ರೂಪಾಯಿಯವರೆಗೆ ಕೂಗಿದವರು ಅವರು. ‘ಪ್ರಾರ್ಥನೆ ಆಯ್ತಲ್ಲ ಮಗಾ, ದುಡ್ಡು ಎಲ್ಲುಂಟು?’ ಎಂದು ಕೇಳಿದರು. ಅವರ ದನಿಯಲ್ಲಿ ಕೋಪವಿರಲಿಲ್ಲ. ನನಗೆ ಉತ್ತರ ಹೊಳೆಯಲಿಲ್ಲ. ನೋಟುಗಳನ್ನು ಕೆಳಗಿನಿಂದ ಎಳೆದದ್ದು, ಮೇಲೆ ಚಿಲ್ಲರೆ ಹರಡಿದ್ದು ಎಲ್ಲವೂ ಆಗ ಒಂದೊಂದಾಗಿ ನೆನಪಾಯಿತು. ಕಣ್ಣು ಕಟ್ಟಿದವಳು ಅಷ್ಟು ಜಾಣತನದಿಂದ ಹಣ ಜೋಡಿಸಿಡಲಾರಳು.

ಪ್ರಾರ್ಥಿಸಿದವರು ನನ್ನನ್ನು ಪ್ರೀತಿಸುತ್ತಿದ್ದರೆಂಬುದರಲ್ಲಿ ಸಂದೇಹವಿಲ್ಲ. ಆದರೆ ಪಾಪವನ್ನು ಸೈತಾನನ ಲೆಕ್ಕಕ್ಕೆ ಬರೆದ ಮೇಲೆ ಸಾಲವೂ ಅವನ ಲೆಕ್ಕಕ್ಕೇ ಹೋಗುತ್ತದೆ, ಅವನು ಅದನ್ನು ತೀರಿಸುವುದಿಲ್ಲ. ಮುಂದಿನ ಭಾನುವಾರ ಸಭಾಪಾಲಕರ ಬಳಿಗೆ ಹೋಗಿ, ಸೈತಾನನ ಹೆಸರೆತ್ತದೆ ಎಲ್ಲವನ್ನೂ ಇನ್ನೊಮ್ಮೆ ಹೇಳಿದೆ. ಮೊದಲ ಸಲಕ್ಕಿಂತ ಅದು ಎಷ್ಟೋ ಕಷ್ಟವಾಯಿತು; ನನ್ನ ನಾಲಿಗೆ ಮತ್ತೆ ಮತ್ತೆ ಅವನ ಹೆಸರನ್ನೇ ಹುಡುಕುತ್ತಿತ್ತು. ತಿಂಗಳಿಗೆ 300ರಂತೆ ಆರು ತಿಂಗಳು ಕಟ್ಟಿದೆ. ಹೊಸ ಖಜಾಂಚಿ ನನ್ನ ಗೆಳತಿಯೇ ಆಗಿದ್ದಳು. ಮೊದಲ ರಸೀದಿಯಲ್ಲಿ ‘ಬಾಬತ್ತು’ ಎಂಬಲ್ಲಿ ಏನು ಬರೆಯಬೇಕೆಂದು ತೋಚದೆ, ನನ್ನ ಮುಖ ಉಳಿಸಲೆಂದು ‘ಕಾಣಿಕೆ’ ಎಂದು ಬರೆಯಹೊರಟಳು. ಅವಳ ಕೈ ತಡೆದು, ‘ತೆಗೆದುಕೊಂಡ ಹಣ ವಾಪಸು’ ಎಂದು ಬರೆಸಿಕೊಂಡೆ.